ಐದು ಕೌದಿ, ಮೂರು ದೀಪ

ಜೂನ್ ೧, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮಾಳಿಗೆಯ ಮೇಲೆ ಅವ್ವ ಕೌದಿ ಒಗೆಯುತ್ತಿದ್ದಾಳೆ. ಮಳೆ ಹಿಡಿಯುವುದರೊಳಗೆ ಮನೆಯ ಕೌದಿಗಳನ್ನೆಲ್ಲ ಒಗೆದು, ಬಿಸಿಲು ಕಾಣಿಸಿ, ಮಡಚಿ ಎತ್ತಿಡುವುದು ನಮ್ಮ ಹುಮನಾಬಾದಿನ ಮನೆಗಳಲ್ಲಿ ರೂಢಿ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಈ ಹೊದಿಕೆಯನ್ನು ಒಣಗಿದ್ದಾಗ ಒಬ್ಬರು ಎತ್ತಬಹುದು, ನೆನೆದರೆ ಇಬ್ಬರು ಬೇಕು. ಈಗ ಸ್ವಲ್ಪ ಹೊತ್ತಿನ ಹಿಂದೆ ನಾನು ಆ ಎರಡನೆಯವಳಾಗಿ ಹೋಗಿದ್ದೆ. ಹಿಂಡುವಾಗ ಒದ್ದೆ ಬಟ್ಟೆಯಿಂದ ಒಂದು ವಾಸನೆ ಎದ್ದಿತು. ಸೋಪು, ಧೂಳು, ಅವುಗಳ ಅಡಿಯಲ್ಲೆಲ್ಲೋ ತುಪ್ಪ ಮತ್ತು ಚೆಂಡುಹೂವು. ಮೂಗಿಗೆ ನೆನಪಾಗುವ ಮೊದಲೇ ಕಣ್ಣಿಗೆ ಕಂಡಿತು. ಕೌದಿಯ ಮೂಲೆಯಲ್ಲಿ, ಅಳಿಸದ ಶಾಯಿಯಲ್ಲಿ, ನನ್ನದೇ ಅಕ್ಷರ: "ನಂ. ೪. ಢೋಲಕ್ಕಿನ ಕೆಳಗೆ."

"ಎರಡ್ ವರ್ಷ ಆತು, ಹೋಗವಲ್ದು," ಅಂದಳು ಅವ್ವ. "ಹಾಸ್ಗಿಗೆ ನಂಬರ್ ಹಾಕಿದ್ದು ನಾ ದವಾಖಾನ್ಯಾಗ ನೋಡೀನಿ. ಮನ್ಯಾಗ ನೋಡಿದ್ದು ನಿನ್ನ ಕಾಲದಾಗೇ."

ನಾನು ಎಣಿಸುವವಳು. ತಿಂಗಳಿಗೆ ಎಷ್ಟು ಸಲ ಕರೆಂಟು ಹೋಯಿತು, ಬಸವಕಲ್ಯಾಣದ ಬಸ್ಸು ಎಷ್ಟು ನಿಮಿಷ ತಡವಾಯಿತು, ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲದಕ್ಕೂ ನನ್ನ ದಿನಚರಿಯಲ್ಲಿ ಒಂದು ಚೌಕದ ಮನೆ, ಮನೆಯೊಳಗೆ ಒಂದು ಗೆರೆ. ಖಾಲಿ ಮನೆ ಕಂಡರೆ ನನಗೆ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಓದುವ ನಿಮಗೂ ಈ ಕಾಯಿಲೆ ಇದ್ದರೆ ನನ್ನನ್ನು ಅರ್ಥ ಮಾಡಿಕೊಳ್ಳುತ್ತೀರಿ. ಇಲ್ಲದಿದ್ದರೆ ಅವ್ವನ ಪಕ್ಷ ಸೇರಿ ನಗಬಹುದು. ಹೇಗಾದರೂ, ನಾಲ್ಕನೆಯ ನಂಬರಿನ ಕಥೆ ಮಹಬೂಬ್ ಚಾಚಾನದು.

ಚಾಚಾನ ಅಂಗಡಿ ನಮ್ಮ ಓಣಿಯ ತಿರುವಿನಲ್ಲಿದೆ. ಒಂದು ಕಾಲಕ್ಕೆ ರೇಡಿಯೋ ದುರಸ್ತಿಯ ಅಂಗಡಿ. ಈಗ ಫ್ಯಾನು, ಇಸ್ತ್ರಿ ಪೆಟ್ಟಿಗೆ, ಚಾರ್ಜಿಂಗ್ ದೀಪ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಗ ರಜೆಯಲ್ಲೆಲ್ಲ ನಾನು ಅಲ್ಲೇ ಕೂರುತ್ತಿದ್ದೆ. ಕಾಲೇಜಿನಲ್ಲಿ ಬೆಸುಗೆಯ ಬಗ್ಗೆ ನಾಲ್ಕು ಪುಟ ಬರೆಸಿದ್ದರು, ಬೆಸುಗೆ ಹಾಕಲು ಕಲಿಸಿದವನು ಚಾಚಾ. ಮದುವೆಯ ದಿನಗಳಲ್ಲಿ ಮಾತ್ರ ಅವನು ಅಂಗಡಿಯ ಬಾಗಿಲು ಎಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಆರು ಜನರ ಒಂದು ಬ್ಯಾಂಡಿಗೆ ಸೌಂಡ್ ನೋಡಿಕೊಳ್ಳಲು ಹೋಗುತ್ತಿದ್ದ. ಇಬ್ಬರು ಹಾಡುವವರು, ಕೀಬೋರ್ಡ್, ಢೋಲಕ್, ಕೋಲಿನಿಂದ ಬಾರಿಸುವ ಪ್ಯಾಡ್, ಬೆಂಜೊ. ಗುಂಡಿ ಒತ್ತಿ ತಂತಿ ಮೀಟುವ ಬೆಂಜೊ ಇಲ್ಲದೆ ನಮ್ಮ ಕಡೆ ಮದುವೆಯ ಹಾಡು ಹಾಡಾಗುವುದಿಲ್ಲ. ಅದನ್ನು ನುಡಿಸುವವನು ನಾರಾಯಣಪುರದ ಗೌತಮ. ಕೈಯಷ್ಟೇ ಚುರುಕು ಅವನ ಬಾಯಿ.

ಸದ್ದು ಏರಿಸಿ ಇಳಿಸುವ ಚಾಚಾನ ಮಿಕ್ಸರಿನ ಮೇಲೆ ಸಾಲು ಸಾಲು ಗುಂಡಿಗಳು. ಅವುಗಳ ಮೇಲೆ ಅವನ ಬೆರಳು ಓಡುವುದನ್ನು ನೋಡಿದರೆ ಅನ್ನದಲ್ಲಿ ಕಲ್ಲು ಆರಿಸುತ್ತಿದ್ದಾನೆ ಅನ್ನಿಸುತ್ತಿತ್ತು. ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ, ನನ್ನ ಸೌಂಡನ್ನು ಯಾರೂ ಬಂದ್ ಮಾಡಿಸಿಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಬಸವಕಲ್ಯಾಣದ ಒಂದು ಫಂಕ್ಷನ್ ಹಾಲಿನಲ್ಲಿ.

ಆ ಹಾಲಿನ ಒಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಊರಿಗೆಲ್ಲ ಅಕ್ಕೋರು. ಹಾಲಿನ ಹಿಂಗೋಡೆಗೆ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಅಂಟಿಕೊಂಡ ಹಾಗೆಯೇ ಇದೆ. ಎರಡರ ನಡುವೆ ಒಂದು ಸೈಕಲ್ ಹೋಗುವಷ್ಟು ಸಂದಿ. ಬಾಣಂತಿಯರು ನಿದ್ದೆಗೆಡುತ್ತಾರೆಂದು ದೂರು ಬಂದಾಗ ಅಕ್ಕೋರು ಯಾರ ಜೊತೆಗೂ ಜಗಳವಾಡಲಿಲ್ಲ. ಸಂದಿಯ ಕಡೆಗೆ, ಆಸ್ಪತ್ರೆಯ ಕಿಟಕಿಗೆ ಎದುರಾಗಿ, ಸದ್ದು ಅಳೆಯುವ ಯಂತ್ರ ಕೂರಿಸಿದರು. ಅದರ ತಂತಿ ಒಳಗೆ ಬಂದು ಹಿಂಬಾಗಿಲಿನ ಮೇಲೆ ಮೂರು ದೀಪಗಳಾಯಿತು. ಹಸಿರು ಇದ್ದರೆ ನುಡಿಸಿರಿ. ಹಳದಿ ಬಂದರೆ ಇಳಿಸಿರಿ. ಕೆಂಪು ಹತ್ತಿ ಐದು ಸೆಕೆಂಡು ಆರದಿದ್ದರೆ ವೇದಿಕೆಯ ಕರೆಂಟು ತಾನಾಗಿಯೇ ಹೋಗುತ್ತದೆ.

"ಮೂರ್ ಸಲ ನೋಡ್ತೀನಿ," ಅಂದಿದ್ದರು ಅಕ್ಕೋರು ಮೊದಲ ದಿನವೇ. "ಸಾಲ್ಯಾಗೂ ಮೂರೇ ಸಲ ಹೇಳ್ತಿದ್ದೆ. ಮೂರನೇ ಸಲ ಕರೆಂಟ್ ಹೋತಂದ್ರ ಈ ಬ್ಯಾಂಡ್ ಈ ಹಾಲಿಗೆ ಬರಂಗಿಲ್ಲ."

ಕಲ್ಯಾಣದಲ್ಲಿ ಮದುವೆ ಮಾಡುವವರು ಮೊದಲು ಕೇಳುವುದು ಅದೇ ಹಾಲನ್ನು. ಅಲ್ಲಿಂದ ಹೊರಬಿದ್ದ ಬ್ಯಾಂಡನ್ನು ಬೇರೆಯವರು ಕರೆಯುವಾಗ ಎರಡು ಸಲ ಯೋಚಿಸುತ್ತಾರೆ. ಹಾಗಾಗಿ ಚಾಚಾ ನನ್ನನ್ನು ದೀಪ ಕಾಯುವ ಕೆಲಸಕ್ಕೆ ಕರೆದುಕೊಂಡು ಹೋದ. ಹಿಂಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು, ವೇದಿಕೆಗೆ ಬೆನ್ನು ಮಾಡಿ, ದೀಪಕ್ಕೆ ಮುಖ ಮಾಡಿ ಕೂರುವುದು. ಪಕ್ಕದಲ್ಲೇ ದೊಡ್ಡ ಸ್ಪೀಕರು ಇದ್ದುದರಿಂದ ಕಿವಿಗೆ ಹತ್ತಿ. ಹಳದಿ ಬಂದರೆ ಕೈ ಎತ್ತುವುದು. ಮಡಿಲಲ್ಲಿ ಪುಸ್ತಕ, ಪುಸ್ತಕದಲ್ಲಿ ಸಾಲಿಗೆ ಮೂರು ಮನೆ: ಸಮಯ, ಹಾಡು, ದೀಪ. ಅಷ್ಟು ಮದುವೆಗಳಿಗೆ ಹೋಗಿಯೂ ನಾನು ಒಬ್ಬ ಮದುಮಗಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆದರೆ ಆ ಹಸಿರು ದೀಪದ ಗಾಜಿನಲ್ಲಿ ಎಷ್ಟು ಗೀರುಗಳಿವೆ ಎಂದು ಇವತ್ತಿಗೂ ಹೇಳಬಲ್ಲೆ. ಏಳು.

ಫೆಬ್ರವರಿಯ ಮದುವೆಯಲ್ಲಿ ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ ಕೆಂಪು ಹತ್ತಿತು. ನಾನು ಎರಡೂ ಕೈ ಎತ್ತಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಅಕ್ಕೋರು ಆಫೀಸಿನಿಂದ ಬಂದು ಚಾಚಾನ ಮುಂದೆ ಒಂದು ಬೆರಳು ತೋರಿಸಿ ಹೋದರು. ತಪ್ಪು ಯಾರದೆಂದು ಗಾಡಿಯಲ್ಲಿ ವಿಚಾರಣೆ ನಡೆದಾಗ ಎಲ್ಲರೂ ಢೋಲಕ್ಕಿನವನನ್ನು ನೋಡಿದರು. ಚಾಚಾ ಮಾತ್ರ, "ಡಬ್ಬ್ಯಾಗಿಂದ ಬಂದ ಆವಾಜ್ ಎಲ್ಲಾ ನಂದೇ. ತಪ್ಪೂ ನಂದೇ," ಅಂದು ಕಿಟಕಿಯ ಹೊರಗೆ ನೋಡಿದ. ಸ್ಪೀಕರಿಗೆ ಅವನು ಡಬ್ಬಿ ಅನ್ನುತ್ತಾನೆ.

ಢೋಲಕ್ಕಿನ ಗುದ್ದು ನೆಲ ಹಿಡಿದು ಹಿಂಗೋಡೆಗೆ ಹೋಗುತ್ತಿರಬೇಕು ಎಂದು ನಾನು ತೀರ್ಮಾನಿಸಿದೆ. ಪರಿಹಾರ ನಮ್ಮ ಮನೆಯ ಅಟ್ಟದಲ್ಲೇ ಇತ್ತು. ಅವ್ವನ ಕಣ್ಣು ತಪ್ಪಿಸಿ ಅಲ್ಲ, ಅವಳ ಬೈಗುಳ ಕೇಳಿಸಿಕೊಂಡೇ, ಐದು ಕೌದಿ ಹೊತ್ತೆ. ಎರಡು ಸ್ಪೀಕರುಗಳ ಕೆಳಗೆ ಒಂದೊಂದು, ಪ್ಯಾಡಿನ ಕೆಳಗೆ ಒಂದು, ಢೋಲಕ್ಕಿನ ಕೆಳಗೆ ಒಂದು, ಅದರ ಹಿಂದೆ ಪರದೆಯ ಹಾಗೆ ಒಂದು. ಯಾವುದು ಎಲ್ಲಿ ಎಂದು ಮರೆಯಬಾರದೆಂದು ನಂಬರು ಹಾಕಿದೆ. ಮಾರ್ಚಿನ ಮದುವೆಯಲ್ಲಿ ಢೋಲಕ್ಕು ಜೋಳದ ಚೀಲಕ್ಕೆ ಗುದ್ದಿದ ಹಾಗೆ ಕೇಳಿಸಿತು.

"ಅಕ್ಕಾ, ಇನ್ನೊಂದ್ ಕೌದಿ ಹಾಕಿದ್ರ ಢೋಲಕ್ ಮಲಗೇ ಬಿಡ್ತದ ನೋಡು," ಅಂದ ಗೌತಮ. "ಲಾಲಿ ಹಾಡಾಕ ಸುರು ಮಾಡಬೇಕಾಗ್ತದ."

ಕುಣಿಯಲು ಎದ್ದ ಹೆಂಗಸರು ಒಂದು ಸುತ್ತು ಕುಣಿದು, ಕಾಲಿಗೆ ತಾಳ ಸಿಗದೆ ಕುಳಿತುಬಿಟ್ಟರು. ಅಷ್ಟು ಮಾಡಿಯೂ ಹನ್ನೆರಡು ಗಂಟೆ ಐವತ್ತೆರಡು ನಿಮಿಷಕ್ಕೆ ಕೆಂಪು ಹತ್ತಿ ಕರೆಂಟು ಹೋಯಿತು. ಅಕ್ಕೋರು ಎರಡು ಬೆರಳು ತೋರಿಸಿದರು.

ಆ ದಿನ ಗಾಡಿಯಲ್ಲಿ ಚಾಚಾ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದ: "ಇನ್ನೊಂದ್ ಸಲ ಆದ್ರ ಬಸ್, ಬೇಟಿ. ಅಂಗಡ್ಯಾಗ ಕುಂತು ಫ್ಯಾನ್ ರಿಪೇರಿ ಮಾಡ್ಕೋತ ಇರ್ತೀನಿ. ಫ್ಯಾನಿಗೆ ಬಾಯಿ ಇರಲ್ಲ."

ತಮಾಷೆಯ ಧಾಟಿಯಲ್ಲೇ ಹೇಳಿದ. ಆದರೆ ಮರುದಿನ ಅವನು ತನ್ನ ಮಿಕ್ಸರಿನ ಗುಂಡಿಗಳ ಮೇಲಿನ ಧೂಳು ಒರೆಸಿ, ಅದನ್ನು ಹಳೆಯ ಚಾದರದಲ್ಲಿ ಸುತ್ತಿ, ಅಂಗಡಿಯ ಮೇಲಿನ ಹಲಗೆಗೆ ಏರಿಸಿದ್ದನ್ನು ನೋಡಿದೆ. ಪ್ರತಿ ಸಲವೂ ಅದನ್ನು ಕೈಗೆ ಸಿಗುವ ಕೆಳಗಿನ ಹಲಗೆಯಲ್ಲೇ ಇಡುತ್ತಿದ್ದ. ಏಪ್ರಿಲಿಗೆ ಇನ್ನೊಂದೇ ಮದುವೆ ಇತ್ತು ಅದೇ ಹಾಲಿನಲ್ಲಿ.

ಆಗ ನಾನು ಪುಸ್ತಕ ತೆಗೆದೆ. ಇಲ್ಲಿ ಒಂದು ತಪ್ಪೊಪ್ಪಿಗೆ. ಫೆಬ್ರವರಿಯ ಪುಟದಲ್ಲಿ ಕೆಂಪು ದೀಪದ ಸಾಲಿನಲ್ಲಿ ಹಾಡಿನ ಮನೆ ಖಾಲಿ ಇತ್ತು. ಗಾಬರಿಯಲ್ಲಿ ಬರೆಯಲು ಮರೆತೆ ಎಂದುಕೊಂಡು ಅಡ್ಡಗೆರೆ ಎಳೆದಿದ್ದೆ. ಮಾರ್ಚಿನಲ್ಲೂ ಅದೇ ಮನೆ ಖಾಲಿ ಉಳಿಯಿತು. ಎರಡನೆಯ ಸಲ ನನಗೆ ತಡೆಯಲಾಗಲಿಲ್ಲ. ಅದಕ್ಕಿಂತ ಮೇಲಿನ ಸಾಲಿನಲ್ಲಿದ್ದ ಹಾಡಿನ ಹೆಸರನ್ನೇ ಆ ಮನೆಯಲ್ಲೂ ಬರೆದು, ಪುಟ ಚೆಂದ ಕಂಡಿತೆಂದು ಸಮಾಧಾನಪಟ್ಟಿದ್ದೆ. ಲೆಕ್ಕ ಇಡುವವರಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ.

ಆ ಪುಟ ಅಂಗಡಿಯಲ್ಲಿ ಗೌತಮನ ಕೈಗೆ ಸಿಕ್ಕಿತು. ಬೆರಳಿಟ್ಟು ಓದಿದವನು ತಲೆ ಎತ್ತಿದ.

"ಹನ್ನೆರಡು ಐವತ್ತೆರಡಕ್ಕ ಈ ಹಾಡ್ ನುಡಿಸ್ದೋರು ಯಾರು?"

"ನೀವೇ," ಅಂದೆ.

"ನಾನು? ಆ ಹೊತ್ತಿಗೆ ನಾ ಪಂಗತ್ಯಾಗ ಕುಂತಿದ್ದೆ. ಹುಗ್ಗಿ ಮ್ಯಾಲ ಎರಡನೇ ಸಲ ತುಪ್ಪ ಹಾಕಿಸ್ಕೊಳ್ಳಾಕತ್ತಿದ್ದೆ. ಢೋಲಕ್ಕಿನವ ನನ್ ಬಾಜೂಕೇ ಇದ್ದ. ಬೇಕಾದ್ರ ಬಡಿಸ್ದೋರನ್ನ ಕೇಳು."

ಬ್ಯಾಂಡು ಊಟಕ್ಕೆ ಕುಳಿತಿತ್ತು! ಕರೆಂಟು ಹೋದದ್ದು ಎಷ್ಟು ಹೊತ್ತಿಗೆಂದು ಅವರಿಗೆ ಯಾರೂ ಹೇಳಿರಲಿಲ್ಲ. ವೇದಿಕೆಯ ಮೇಲೆ ಬ್ಯಾಂಡಿನ ವಾದ್ಯಗಳು ಮಾತ್ರ ಇದ್ದವು, ಕೌದಿ ಹಾಸಿಕೊಂಡು. ಹಾಗಾದರೆ ಕಿವಿಗೆ ಹತ್ತಿ ಇಟ್ಟು ಕೂತಿದ್ದ ನನ್ನ ಬೆನ್ನ ಹಿಂದೆ ಆ ಹೊತ್ತಿಗೆ ಏನು ನಡೆಯುತ್ತಿತ್ತು? ನಾನು ಚಾಚಾನನ್ನು ನೋಡಿದೆ. ಚಾಚಾ ಫ್ಯಾನಿನ ರೆಕ್ಕೆಯನ್ನು ನೋಡಿದ. ಅದನ್ನು ಒಂದು ಸುತ್ತು ತಿರುಗಿಸಿ, "ಸತ್ಕಾರ್," ಅಂದ.

ನಮ್ಮ ಕಡೆಯ ಮದುವೆ ನೋಡದವರಿಗಾಗಿ ಹೇಳುತ್ತೇನೆ. ಅಕ್ಷತೆ ಬಿದ್ದ ಮೇಲೆ ಬೀಗರ ಕಡೆಯ ಹಿರಿಯರು, ಊರ ಪ್ರಮುಖರು, ದೂರದಿಂದ ಬಂದ ಸೋದರಮಾವಂದಿರು, ಎಲ್ಲರನ್ನೂ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು ಶಾಲು, ಪೇಟ, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡುತ್ತಾರೆ. ಹೆಸರು ಕರೆಯುವುದು ಮನೆಯ ಹಿರಿಯರೊಬ್ಬರ ಹಕ್ಕು. ಆ ಹಿರಿಯರಿಗೆ ಮೈಕಿನ ಮೇಲೆ ನಂಬಿಕೆ ಇರುವುದಿಲ್ಲ. ಬದುಕೆಲ್ಲ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಮಾತಾಡಿದವರು. ಮೈಕನ್ನು ಹಲ್ಲಿಗೆ ತಾಗಿಸಿಕೊಂಡು, ಕರೆಯಬೇಕಾದವರು ಇನ್ನೂ ಊರಲ್ಲೇ ಇದ್ದಾರೆ ಎಂಬಂತೆ ಕರೆಯುತ್ತಾರೆ. ಫೆಬ್ರವರಿಯಲ್ಲಿ ಕರೆದವರು ಒಬ್ಬರು, ಮಾರ್ಚಿನಲ್ಲಿ ಇನ್ನೊಬ್ಬರು. ಕೆಂಪು ದೀಪ ಮಾತ್ರ ಅದೇ.

ಎರಡು ಸಲವೂ ಚಾಚಾನಿಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮದುವಿ ಮನಿ ಹಿರ್ಯಾರಿಗೆ, ಅವರ ಮದುವ್ಯಾಗೇ, ಸಣ್ಣಗ ಮಾತಾಡ್ರಿ ಅನ್ನಾಕ ಬರ್ತದೇನ್ ಬೇಟಿ?"

ಅವನು ಸುಮ್ಮನೆ ಕುಳಿತಿರಲಿಲ್ಲವಂತೆ. ಗುಂಡಿ ಇಳಿಸಿದ್ದನಂತೆ. ಇಳಿಸಿದರೆ ಹಿರಿಯರು ಮೈಕು ಸತ್ತಿತೆಂದು ಊದಿ, ತಟ್ಟಿ, ಇನ್ನೂ ಜೋರಾಗಿ ಒದರುತ್ತಾರೆ. ಹಿಂದೆ ಕುಳಿತವರು ಕೇಳಿಸುತ್ತಿಲ್ಲ ಎಂದು ಕೈ ಬೀಸುತ್ತಾರೆ. ಏರಿಸಿದರೆ ಮುಗಿಯಿತು. ಅದನ್ನೆಲ್ಲ ನುಂಗಿಕೊಂಡು ಅವನು ನನ್ನನ್ನು ಢೋಲಕ್ಕಿಗೆ ಕೌದಿ ಹಾಸಲು ಬಿಟ್ಟಿದ್ದ. ನನಗೆ ನಗುವೂ ಬಂತು, ಸಿಟ್ಟೂ ಬಂತು. ದಿನಚರಿಯಲ್ಲಿ ಎರಡನ್ನೂ ಬರೆದಿದ್ದೇನೆ.

ಉಪಾಯ ಹೊಳೆದದ್ದು ನನ್ನಿಂದಲ್ಲ, ಅವ್ವನ ಒಂದು ಬೈಗುಳದಿಂದ. ಒಂದು ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ಅವಳಿಗೆ ಏನೋ ಹೇಳುತ್ತಿದ್ದೆ. ಅವಳು ಲಟ್ಟಣಿಗೆ ಕೆಳಗಿಟ್ಟು, "ಯಾಕ ಹಂಗ ಒದರಾಕತ್ತಿ? ನಾ ಇಲ್ಲೇ ಅದೀನಿ," ಅಂದಳು. ನಾನು ಒದರುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ. ಇದನ್ನು ನಗುತ್ತ ಚಾಚಾನಿಗೆ ಹೇಳಿದೆ. ಅವನು ಕಾದ ಬೆಸುಗೆ ಕಡ್ಡಿಯನ್ನು ನಿಧಾನವಾಗಿ ಸ್ಟ್ಯಾಂಡಿಗಿಟ್ಟ.

"ತನ್ ದನಿ ತನಗ ಕೇಳ್ಸಲಾರದವ ಚೀರ್ತಾನ," ಅಂದ. "ನಮ್ ಡಬ್ಬಿ ಎಲ್ಲಾ ಮಂದಿ ಕಡಿಗಿ ಮುಖ ಮಾಡ್ಯಾವ. ಸ್ಟೇಜಿನ್ ಮ್ಯಾಲ ನಿಂತವಗ ಏನ್ ಕೇಳ್ತದ? ಮಂದಿ ಗದ್ದಲ. ಹಾಡೋರಿಗೆ ಕಾಲಾಗ ಒಂದು ಡಬ್ಬಿ ಇಡ್ತೀವಿ. ಸತ್ಕಾರ್ ಮಾಡೋರಿಗೆ ಯಾಕ ಇಟ್ಟಿಲ್ಲ?"

ನಲವತ್ತು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೈಕು ಹಿಡಿದು ಹೆಸರು ಕರೆಯುವವರನ್ನು ನಾವು ಯಾರೂ ಕಲಾವಿದರೆಂದು ಎಣಿಸಿರಲಿಲ್ಲ. ಮೂರು ದಿನ ಕೂತು ಹಳೆಯ ರೇಡಿಯೋದ ಸ್ಪೀಕರೊಂದನ್ನು ಮರದ ಪೆಟ್ಟಿಗೆಗೆ ಕೂರಿಸಿದೆವು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮುಖ ಓರೆಯಾಗಿ ಮೇಲಕ್ಕೆ. ಬೆಸುಗೆ ಹಾಕಿದ್ದು ನಾನು, ಆರು ಕಡೆ. ಅದರಲ್ಲಿ ಎರಡನ್ನು ಚಾಚಾ ಬಿಚ್ಚಿ ಮತ್ತೆ ಹಾಕಿದ. ಅದನ್ನೂ ಬರೆದಿದ್ದೇನೆ.

ಏಪ್ರಿಲ್ ತಿಂಗಳ ಕೊನೆಯ ಭಾನುವಾರ. ಗಂಡಿನ ಕಡೆಯವರು ಘಾಟಬೋರಾಳದವರು. ಹೆಸರು ಕರೆಯುವವರು ಹಣಮಂತ ಕಾಕಾ. ಅವರು ವೇದಿಕೆ ಹತ್ತುವ ಮೊದಲೇ ಗೌತಮ ನನ್ನ ಹತ್ತಿರ ಬಂದು, ಈ ಕಾಕಾ ಕರೆದರೆ ಎರಡು ಹೊಲದಾಚೆಯ ಎತ್ತು ತಿರುಗಿ ನೋಡುತ್ತದೆ ಎಂದು ಊರಲ್ಲಿ ಹೇಳುತ್ತಾರೆ, ತಯಾರಿರು ಅಂದು ಹೋದ. ಈ ಸಲ ಅವನು ಊಟಕ್ಕೆ ಹೋಗಲಿಲ್ಲ. ಯಾರೂ ಹೋಗಲಿಲ್ಲ. ನಾನು ಕಿವಿಯ ಹತ್ತಿ ತೆಗೆದೆ, ಕುರ್ಚಿಯನ್ನು ಓರೆಯಾಗಿ ತಿರುಗಿಸಿಕೊಂಡೆ. ಒಂದು ಕಣ್ಣಿಗೆ ದೀಪ, ಒಂದು ಕಣ್ಣಿಗೆ ವೇದಿಕೆ.

ಒಂದು ಗಂಟೆ ಎರಡು ನಿಮಿಷ. ಕಾಕಾ ಮೈಕು ಹಿಡಿದರು, ಎದೆ ತುಂಬ ಗಾಳಿ ಎಳೆದರು. ಮೊದಲ ಹೆಸರು ಬಂತು. ಹಳದಿ. ನಾನು ಕೈ ಎತ್ತಿದೆ. ಚಾಚಾ ಗುಂಡಿ ಇಳಿಸಲಿಲ್ಲ. ಕಾಲಡಿಯ ಪೆಟ್ಟಿಗೆಯ ಗುಂಡಿಯನ್ನು ಸ್ವಲ್ಪ ಏರಿಸಿದ.

ಕಾಕಾ ಎರಡನೆಯ ಹೆಸರಿಗೆ ಬಾಯಿ ತೆರೆದವರು ಅರ್ಧಕ್ಕೆ ನಿಂತರು. ಕಾಲ ಕೆಳಗಿನಿಂದ ಯಾರೋ ತಮ್ಮ ದನಿಯಲ್ಲೇ ಮಾತಾಡಿದ ಹಾಗಾಗಿರಬೇಕು. ಬಗ್ಗಿ ಪೆಟ್ಟಿಗೆಯನ್ನು ನೋಡಿದರು. ಮತ್ತೆ ಅದೇ ಹೆಸರನ್ನು ಮೆಲ್ಲಗೆ ಹೇಳಿ ನೋಡಿದರು. ಹಸಿರು. ಇನ್ನೂ ಮೆಲ್ಲಗೆ, ಸ್ವಲ್ಪ ಎಳೆದು ಹೇಳಿದರು. ಮೀಸೆಯ ಕೆಳಗೆ ನಗು ಕಾಣಿಸಿತು. ಎಪ್ಪತ್ತು ವರ್ಷದಲ್ಲಿ ಅವರು ತಮ್ಮ ದನಿಯನ್ನು ಕೇಳಿದ್ದು ಅದೇ ಮೊದಲಿರಬಹುದು. ಅದು ಅವರಿಗೆ ಇಷ್ಟವಾಗಿಬಿಟ್ಟಿತು.

ಮುಂದೆ ನಡೆದದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಕಾಕಾ ಬರೀ ಹೆಸರು ಕರೆಯುವುದನ್ನು ಬಿಟ್ಟು ಒಬ್ಬೊಬ್ಬರ ಬಗ್ಗೆ ಎರಡೆರಡು ಮಾತು ಹೇಳತೊಡಗಿದರು. ಇವರು ನಿರ್ಣಾದವರು, ನನ್ನ ಮದುವೆಯಲ್ಲಿ ನನ್ನ ಚಪ್ಪಲಿ ಕದ್ದವರು. ಇವರು ನಮ್ಮ ಬಾವಿ ತೋಡುವಾಗ ಮೊದಲ ಗುದ್ದಲಿ ಹಾಕಿದವರು. ದನಿ ಮೆಲ್ಲಗಾದಷ್ಟೂ ಹಾಲು ಸುಮ್ಮನಾಯಿತು. ಕರೆಸಿಕೊಂಡವರು ಪೇಟ ಸುತ್ತಿಸಿಕೊಂಡು ಕಣ್ಣು ಒರೆಸಿಕೊಂಡು ಇಳಿದರು. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಸತ್ಕಾರ ಒಂದು ಗಂಟೆ ಎಂಟು ನಿಮಿಷ ನಡೆಯಿತು. ಅಡುಗೆಯವರು ಹುಗ್ಗಿ ಆರುತ್ತಿದೆ ಎಂದು ಮೂರು ಸಲ ಹೇಳಿಕಳಿಸಿದರು. ದೀಪ ಹಸಿರು ಬಿಟ್ಟು ಅಲುಗಲಿಲ್ಲ.

ಅಕ್ಕೋರು ಯಾವಾಗ ಬಂದು ನನ್ನ ಹಿಂದೆ ನಿಂತಿದ್ದರೋ ಗೊತ್ತಿಲ್ಲ. ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡಿದರು.

"ಮೂವತ್ತು ವರ್ಷ ಸಾಲ್ಯಾಗ ಚೀರಿ ಚೀರಿ ನನ್ ಗಂಟಲ ಹೋತು," ಅಂದರು. "ಆಗ ಇದು ಎಲ್ಲಿತ್ತು?"

ಕಾಕಾ ಮೈಕು ಕೊಡಲು ಮನಸ್ಸಿಲ್ಲದೆ ಕೊಟ್ಟು ಇಳಿದ ಮೇಲೆ ಬ್ಯಾಂಡು ಒಂದು ಹಾಡು ಎತ್ತಿಕೊಂಡಿತು. ಎರಡನೆಯ ಚರಣದ ಹೊತ್ತಿಗೆ ಚಾಚಾ ಗೌತಮನಿಗೆ ಕಣ್ಣಲ್ಲೇ ಏನೋ ಹೇಳಿದ. ಗೌತಮ ಬೆಂಜೊ ಬದಿಗಿಟ್ಟು, ಢೋಲಕ್ಕಿನ ಹತ್ತಿರ ಹೋಗಿ, ನಾಲ್ಕನೆಯ ನಂಬರಿನ ಕೌದಿಯನ್ನು ಒಂದೇ ಎಳೆತಕ್ಕೆ ಎಳೆದು ಹೆಗಲ ಮೇಲೆ ಹಾಕಿಕೊಂಡ. ಢೋಲಕ್ಕು ಎಚ್ಚರವಾಯಿತು. ಹೆಂಗಸರು ಎದ್ದರು, ಈ ಸಲ ಕುಳಿತುಕೊಳ್ಳಲಿಲ್ಲ. ಹಸಿರೇ! ಚಾಚಾ ಮಿಕ್ಸರಿನಿಂದ ಕೈ ತೆಗೆದು ಎರಡೂ ಅಂಗೈಗಳನ್ನು ನನಗೆ ತೋರಿಸಿದ. ಮುಟ್ಟಿಲ್ಲ ನೋಡು ಎಂಬಂತೆ. ನಾನು ಮೊದಲ ಸಲ ದೀಪಕ್ಕೆ ಬೆನ್ನು ಮಾಡಿ ಕುಳಿತು ಮದುಮಗಳ ಮುಖ ನೋಡಿದೆ. ಅವಳೂ ಕಾಲಲ್ಲಿ ತಾಳ ಹಾಕುತ್ತಿದ್ದಳು.

ಹಾಡು ಮುಗಿಯಿತು. ಕೈಚಪ್ಪಾಳೆಯೂ ನಿಂತಿತು. ಎಲ್ಲರೂ ಊಟಕ್ಕೆ ಏಳುವ ಮೊದಲಿನ ಒಂದು ಗಳಿಗೆ, ಮೈಕಿಲ್ಲ, ವಾದ್ಯವಿಲ್ಲ, ಮಾತಿಲ್ಲ. ಗಂಟೆ ಎರಡು ಹದಿನೇಳು. ನಾನು ರೂಢಿಯಂತೆ ದೀಪದ ಕಡೆ ತಿರುಗಿದೆ. ಹಳದಿ ಹತ್ತಿತ್ತು.

ಮೂರು ಸೆಕೆಂಡು ಇದ್ದು ಆರಿತು. ನಾನು ಚಾಚಾನನ್ನು ನೋಡಿದೆ. ಅವನ ಕೈ ಮಡಿಲಲ್ಲಿತ್ತು. ಸ್ಕೂಟರಿನ ಹಾರ್ನಿರಬೇಕು ಅಂದ ಗೌತಮ. ಅಡುಗೆಯವರು ಆ ಸಂದಿಯಲ್ಲಿ ಪಾತ್ರೆ ಬೀಳಿಸಿರಬೇಕು ಅಂದ ಚಾಚಾ. ಅಕ್ಕೋರು ಹಿಂಗೋಡೆಯ ಆಚೆಗೆ, ಆಸ್ಪತ್ರೆಯ ಕಿಟಕಿಯ ಕಡೆಗೆ ಗದ್ದ ಎತ್ತಿ ತೋರಿಸಿ ನಕ್ಕರು. ನಾನು ಸಮಯ ಬರೆದೆ, ದೀಪದ ಬಣ್ಣ ಬರೆದೆ. ಹಾಡಿನ ಮನೆಯನ್ನು ಖಾಲಿ ಬಿಟ್ಟೆ. ಅಡ್ಡಗೆರೆಯನ್ನೂ ಎಳೆಯಲಿಲ್ಲ.

ಚಾಚಾನ ಮಿಕ್ಸರು ಈಗ ಕೆಳಗಿನ ಹಲಗೆಯಲ್ಲೇ ಇದೆ. ಕಾಲಡಿಯ ಪೆಟ್ಟಿಗೆಗಳು ಈಗ ಮೂರಾಗಿವೆ. ಒಂದನ್ನು ಅಕ್ಕೋರು ಹಾಲಿಗೇ ಇಟ್ಟುಕೊಂಡಿದ್ದಾರೆ.

ಮೇಲಿನಿಂದ ಅವ್ವ ಕೂಗಿದಳು. ನಾನು ಇಲ್ಲಿಂದಲೇ ಉತ್ತರ ಒದರಲು ಬಾಯಿ ತೆರೆದವಳು, ಪೆನ್ನು ಇಟ್ಟು ಮೆಟ್ಟಿಲು ಹತ್ತಿ ಹೋದೆ. ಗುರುತಿನ ಮೇಲೆ ತೇಪೆ ಹಾಕಲು ಅವಳು ಕೆಂಪು ಬಟ್ಟೆಯ ತುಂಡೊಂದನ್ನು ಹಿಡಿದು ಅಳತೆ ನೋಡುತ್ತಿದ್ದಳು. ನೋಡಿ ನೋಡಿ ಪಕ್ಕಕ್ಕಿಟ್ಟಳು. "ಇರ್ಲಿ ಬಿಡು. ನಾಳಿ ಮಹಬೂಬಣ್ಣ ಬಂದು ನಾಲ್ಕನೇದು ಎಲ್ಲದ ಅಂತ ಕೇಳ್ಯಾನು." ಇಬ್ಬರೂ ಸೇರಿ ಕೌದಿಯನ್ನು ಹಗ್ಗಕ್ಕೆ ಹಾಕಿದೆವು. ಈಗ ಎಂಟು ಗಂಟೆ ಐವತ್ತು ನಿಮಿಷ. ನೀರು ಇನ್ನೂ ತೊಟ್ಟಿಕ್ಕುತ್ತಿದೆ, ನಾನು ಎಣಿಸುತ್ತಿಲ್ಲ.

ಆ ಒಂದು ಮನೆ ಮಾತ್ರ ಎರಡು ವರ್ಷದಿಂದ ಖಾಲಿ ಇದೆ. ಆ ಭಾನುವಾರ ಮಧ್ಯಾಹ್ನ ಎರಡು ಹದಿನೇಳಕ್ಕೆ ಕಲ್ಯಾಣದ ಆ ಸಂದಿಯಲ್ಲಿ, ಅಥವಾ ಆ ಕಿಟಕಿಯ ಒಳಗೆ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಸದ್ದು ಯಾರದೆಂದು ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ನಿಮ್ಮ ಮನೆಯ ಕೂಸಿನದೇ ಆಗಿದ್ದರೆ ಅದರ ಹೆಸರನ್ನೂ ಬರೆಯಿರಿ. ಊಹೆ ಬೇಡ, ಊಹೆ ನನ್ನ ಹತ್ತಿರವೇ ಮೂರು ಇವೆ.